ಬ್ಯಾಡಗಿಯಲ್ಲಿ ಹೊಲಿದ ಹಾಯಿ

ಕಳೆದ ವಾರ ರಾಣೆಬೆನ್ನೂರಿನ ಪೆಂಡಾಲಿನವರು ಬಿಳಿ ಪಾಲಿಯೆಸ್ಟರ್ ಬಟ್ಟೆಯ ಒಂದು ಥಾನು ತಂದು ನನ್ನ ಅಂಗಡಿಯ ಮುಂದೆ ಇಳಿಸಿ ಹೋದರು. ಇಂಥ ಬಟ್ಟೆಯನ್ನು ಕತ್ತರಿಯಿಂದ ಕತ್ತರಿಸಿದರೆ ಅಂಚಿನ ಎಳೆಗಳು ಬಿಚ್ಚಿಕೊಳ್ಳುತ್ತವೆ. ಬೆಸುಗೆ ಹಾಕುವ ಕಡ್ಡಿಯನ್ನು ಕಾಯಿಸಿ ಅದರ ತುದಿಯಿಂದಲೇ ಕೊಯ್ದರೆ ಅಂಚು ಕರಗಿ ಅಲ್ಲಲ್ಲೇ ಕೂಡಿಕೊಳ್ಳುತ್ತದೆ. ಕಡ್ಡಿ ಬಟ್ಟೆಗೆ ತಾಗಿದ ಕೂಡಲೇ ಸುಟ್ಟ ಬಾಚಣಿಕೆಯಂಥ ವಾಸನೆ ಎದ್ದಿತು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಘಾಟಿನ ಮುಂದೆ ಬೇರೆ ಯಾವ ವಾಸನೆಯೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆದರೆ ಇದು ನಿಂತಿತು. ನಾನು ಕಡ್ಡಿಯನ್ನು ಪಕ್ಕಕ್ಕಿಟ್ಟೆ. ಆರು ವರ್ಷದ ಹಿಂದಿನ ಒಂದು ಮಳೆಗಾಲ ಪೂರ್ತಿ ನನ್ನ ಅಂಗಡಿಯಲ್ಲಿ ಈ ವಾಸನೆಯೇ ತುಂಬಿತ್ತು. ಆ ಮಳೆಗಾಲದಲ್ಲಿ ನಾನು ಒಂದು ಹಾಯಿ ಹೊಲಿದಿದ್ದೆ.

ನನ್ನ ಕಸುಬು ತಾಡಪತ್ರಿ ಹೊಲಿಯುವುದು. ಮೆಣಸಿನಕಾಯಿ ಒಣಗಿಸಲು ಹಾಸುವ ತಾಡಪತ್ರಿ, ಟ್ರ್ಯಾಕ್ಟರಿನ ಟ್ರೇಲರ್‌ಗೆ ಹೊದಿಸುವ ತಾಡಪತ್ರಿ, ಲಾರಿಯವರ ದೊಡ್ಡ ತಾಡಪತ್ರಿ. ಮದುವೆಯಾಗಿ ಬ್ಯಾಡಗಿಗೆ ಬರುವ ಮೊದಲು ಗುತ್ತಲದಲ್ಲಿ, ತವರುಮನೆಯ ಪಡಸಾಲೆಯಲ್ಲಿ ಕುಳಿತು ಜಂಪರ್ ಹೊಲಿಯುತ್ತಿದ್ದೆ. ಇಲ್ಲಿ ನಮ್ಮ ಮನೆಯವರದು ಗೋಣಿಚೀಲ ರಿಪೇರಿಯ ಕೆಲಸ. ಜಂಪರ್ ಹೊಲಿಯುವ ಕೈ ಗೋಣಿಗೆ ಹೊಂದಿತು, ಗೋಣಿಯಿಂದ ತಾಡಪತ್ರಿಗೆ ಬಂತು. ನಮ್ಮ ಮಾವನ ಕಾಲದ ದೊಡ್ಡ ಮಷೀನು ಈಗಲೂ ನನ್ನ ಹತ್ತಿರವೇ ಇದೆ.

ಫಕ್ಕೀರಪ್ಪ ಕಾಕಾ ಅಂಗಡಿಗೆ ಬಂದದ್ದು ಆ ವರ್ಷ ರೋಹಿಣಿ ಮಳೆಯ ಹೊತ್ತಿಗೆ. ಹಾವೇರಿಯ ಹತ್ತಿರದ ಅಗಡಿಯವರು. ಸ್ಕೂಟರಿನ ಹಿಂದೆ ಕಟ್ಟಿದ್ದ ಒಂದು ಗಂಟನ್ನು ಬಿಚ್ಚಿ ನೆಲದ ಮೇಲೆ ಹರವಿದರು. ಮೂರು ಮೂಲೆಯ, ಹಳದಿ ತಿರುಗಿದ, ಮುಟ್ಟಿದಲ್ಲೆಲ್ಲ ಹರಿಯುತ್ತಿದ್ದ ಬಟ್ಟೆ. ಹಾವೇರಿಯ ಮೂರು ಮಂದಿ ಟೇಲರುಗಳು ಒಲ್ಲೆ ಎಂದಿದ್ದರಂತೆ. ಒಬ್ಬನಂತೂ ಇದು ಯಾವ ಗುಡಿಯ ನಿಶಾನಿ ಎಂದು ಕೇಳಿದನಂತೆ. ಅದು ದೋಣಿಯ ಹಾಯಿ, ಹದಿನೈದು ಅಡಿ ಎತ್ತರ, ಬುಡದಲ್ಲಿ ಎಂಟು ಅಡಿ, ಇದರಂತೆಯೇ ಹೊಸದು ಬೇಕು ಎಂದರು ಕಾಕಾ. ಬಟ್ಟೆ ಎಲ್ಲಿ ಸಿಗುತ್ತದೆ, ಯಾವ ದಪ್ಪ ಬೇಕು ಎಲ್ಲವನ್ನೂ ಅವರೇ ವಿಚಾರಿಸಿಕೊಂಡು ಬಂದಿದ್ದರು. ಹೊಲಿಯುವವರು ಮಾತ್ರ ಬೇಕಾಗಿತ್ತು.

ನಾನು ಅವತ್ತು ಕೇಳಿದ್ದು ಒಂದೇ ಮಾತು. ಹಾವೇರಿ ಜಿಲ್ಲೆಯಲ್ಲಿ ಹಾಯಿದೋಣಿ ಯಾಕೆ ಬೇಕು ನಿಮಗೆ ಎಂದೆ.

ಅವರು ಕುರ್ಚಿಯಲ್ಲಿ ಕುಳಿತು ನಿಧಾನವಾಗಿ ಹೇಳಿದರು. ಹದಿನೆಂಟನೇ ವಯಸ್ಸಿಗೆ ನೌಕಾಪಡೆ ಸೇರಿದ್ದರು. ಕೆಲಸ ಹಡಗಿನ ಎಂಜಿನ್ ಕೋಣೆಯಲ್ಲಿ. ಇಪ್ಪತ್ತು ವರ್ಷ ಎಣ್ಣೆ, ಉಗಿ, ಕಿವಿ ಕಿವುಡಾಗುವ ಸದ್ದು. ಮೇಲೆ ಸಮುದ್ರ ಇರುತ್ತಿತ್ತು, ಇವರು ಕೆಳಗೆ ಇರುತ್ತಿದ್ದರು. ಕೊನೆಯ ಎರಡು ವರ್ಷ ಬಂದರಿನಲ್ಲಿ ಕೆಲಸ ಬಿದ್ದಾಗ ಭಾನುವಾರ ಸಣ್ಣ ಹಾಯಿದೋಣಿಗಳಲ್ಲಿ ಕುಳಿತು ಕಲಿತರು. ಸದ್ದಿಲ್ಲದೆ ನೀರಿನ ಮೇಲೆ ಹೋಗುವುದು ಎಂದರೆ ಏನೆಂದು ಆಗ ತಿಳಿಯಿತಂತೆ. ನಿವೃತ್ತರಾಗಿ, ಬೇರೆ ನೌಕರಿ ಮಾಡಿ, ಹೊಲ ನೋಡಿಕೊಂಡು, ಮಕ್ಕಳ ಮದುವೆ ಮುಗಿಸಿ, ಈಗ ಕಾರವಾರದ ಕಡೆ ಮೂಲೆಗೆ ಬಿದ್ದಿದ್ದ ಹಳೆಯ ದೋಣಿಯೊಂದನ್ನು ತಂದು ಕೊಟ್ಟಿಗೆಯಲ್ಲಿ ನಿಲ್ಲಿಸಿದ್ದರು. ಹಾವೇರಿಯ ಹೆಗ್ಗೇರಿ ಕೆರೆಯಲ್ಲಿ ಅದನ್ನು ಬಿಡಲು ಅರ್ಜಿ ಹಾಕಿ ಒಪ್ಪಿಗೆಯನ್ನೂ ಪಡೆದಿದ್ದರು.

"ಅರವತ್ಮೂರು ನಡ್ಯಾಕತ್ತಾವ ನನಗ," ಎಂದರು. "ಇನ್ನ ಒಂದೈದು ವರ್ಷ ಕೈಕಾಲು ಗಟ್ಟಿ ಇರತಾವು. ಅಷ್ಟರಾಗ ಆಗಬೇಕವ್ವ ಇದು."

ನಾನು ಒಪ್ಪಿಕೊಂಡೆ. ತಾಡಪತ್ರಿ ನಾಲ್ಕು ಮೂಲೆಯದು, ಇದು ಮೂರು ಮೂಲೆಯದು, ಒಂದು ಮೂಲೆ ಕಡಿಮೆಯೇ ಆಯಿತಲ್ಲ ಎಂದು ಅಂದುಕೊಂಡೆ.

ಮೊದಲ ಹಾಯಿ ಹತ್ತು ದಿನದಲ್ಲಿ ಆಯಿತು. ಹಳೆಯದನ್ನು ನೆಲಕ್ಕೆ ಹಾಸಿ, ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದು, ಅಳತೆಗೆ ಸರಿಯಾಗಿ ಪಟ್ಟಿಗಳನ್ನು ಕೂಡಿಸಿ ಹೊಲಿದೆ. ಮಡಚಿಟ್ಟರೆ ಹೊಸ ಧೋತರದಂತೆ ಕಾಣುತ್ತಿತ್ತು. ಕಾಕಾ ಒಯ್ದರು. ನಾಲ್ಕನೇ ದಿನಕ್ಕೆ ಹೊಳ್ಳಿ ಬಂದರು. ಬೈಯಲಿಲ್ಲ. ದೋಣಿ ಮುಂದೆ ಹೋಗುವ ಬದಲು ಏಡಿಯಂತೆ ಅಡ್ಡಡ್ಡ ಹೋಯಿತು, ಹಾಯಿ ಹಲಗೆಯಂತೆ ಚಪ್ಪಟೆ ನಿಂತಿತು, ಎಷ್ಟು ಎಳೆದರೂ ಗಾಳಿಯನ್ನು ಹಿಡಿಯಲಿಲ್ಲ ಎಂದರು. ತಪ್ಪು ಎಲ್ಲಿದೆ ಎಂದು ಅವರಿಗೂ ಗೊತ್ತಿರಲಿಲ್ಲ. ಅವರು ಹಾಯಿ ಏರಿಸಿದ್ದರೇ ಹೊರತು ಎಂದೂ ಹೊಲಿದವರಲ್ಲ.

ಅವರು ಹೋದ ಮೇಲೆ ನಾನು ಹಳೆಯ ಹಾಯಿಯ ಒಂದು ಹೊಲಿಗೆಯನ್ನು ಬ್ಲೇಡಿನಿಂದ ಬಿಚ್ಚಿದೆ. ಎರಡು ಪಟ್ಟಿಗಳನ್ನು ಬಿಡಿಸಿ ಪಕ್ಕ ಪಕ್ಕ ಇಟ್ಟಾಗ ಕಂಡಿತು. ಪಟ್ಟಿಯ ಅಂಚು ನೆಟ್ಟಗಿರಲಿಲ್ಲ. ನಡುವೆ ಒಂದು ಬೆರಳಿನಷ್ಟು ಉಬ್ಬು ಇತ್ತು. ಉಬ್ಬಿದ ಅಂಚನ್ನು ನೆಟ್ಟಗಿನ ಅಂಚಿಗೆ ಸೇರಿಸಿ ಹೊಲಿದರೆ ಬಟ್ಟೆಗೆ ತಾನಾಗಿಯೇ ಹೊಟ್ಟೆ ಬರುತ್ತದೆ. ಜಂಪರಿನ ಎದೆಭಾಗವನ್ನು ನಾವು ಹೊಲಿಯುವುದೂ ಹೀಗೆಯೇ. ಹದಿನಾರನೇ ವಯಸ್ಸಿನಿಂದ ಮಾಡುತ್ತಿದ್ದ ಕೆಲಸ ಕಣ್ಣೆದುರು ಇದ್ದರೂ ಕಂಡಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು, ನಗುವೂ ಬಂತು. ನಾನು ಹೊಲಿದದ್ದು ಮೂರು ಮೂಲೆಯ ತಾಡಪತ್ರಿ. ಹಾಯಿ ಎಂದರೆ ಗಾಳಿಗೆ ಹೊಲಿದ ಅಂಗಿ.

ಆಮೇಲಿನ ಹದಿನೈದು ದಿನ ಅಂಗಡಿಯ ಬೇರೆ ಕೆಲಸವನ್ನೆಲ್ಲ ನಮ್ಮ ಮನೆಯವರ ಮೇಲೆ ಹೊರಿಸಿದೆ. ನಾನು ಹೊಲಿದಿದ್ದ ಹಾಯಿಯ ಎಲ್ಲ ಹೊಲಿಗೆಗಳನ್ನೂ ಬಿಚ್ಚಿ, ಬೇಕಾದಲ್ಲಿ ಹೊಸ ಬಟ್ಟೆ ಕೂಡಿಸಿ, ಒಂದೊಂದು ಅಂಚಿಗೂ ಹಳೆಯದನ್ನು ನೋಡಿ ಬಾಗು ಕೊಟ್ಟೆ. ಕಾಯಿಸಿದ ಕಡ್ಡಿಯ ವಾಸನೆಗೆ ಪಕ್ಕದ ಅಂಗಡಿಯವರು ಬಂದು ಏನು ಸುಡುತ್ತಿದ್ದೀರಿ ಎಂದು ಕೇಳಿ ಹೋಗುತ್ತಿದ್ದರು.

ಎರಡನೆಯ ಹಾಯಿಯನ್ನು ನೋಡದೆ ಕೊಡಲು ನನಗೆ ಮನಸ್ಸಾಗಲಿಲ್ಲ. ಕಾಕಾ ದೋಣಿಯನ್ನೇ ಟ್ರ್ಯಾಕ್ಟರಿನಲ್ಲಿ ಬ್ಯಾಡಗಿಗೆ ತಂದರು. ಮೆಣಸಿನಕಾಯಿ ವ್ಯಾಪಾರ ಇಲ್ಲದ ಒಂದು ದಿನ, ಖಾಲಿ ಬಿದ್ದಿದ್ದ ಬಯಲಿನಲ್ಲಿ ಅದನ್ನು ಗೋಣಿಚೀಲಗಳ ಮೇಲೆ ಕೂಡಿಸಿ ಕಂಬ ನಿಲ್ಲಿಸಿದೆವು. ಕೆಲಸವಿಲ್ಲದೆ ಕುಳಿತಿದ್ದ ಹಮಾಲರು ಹತ್ತು ಹದಿನೈದು ಮಂದಿ ಸುತ್ತ ಸೇರಿದರು. ಆಷಾಢದ ಗಾಳಿ ಒಣ ಮೆಣಸಿನಕಾಯಿಯ ಬೀಜ, ಸಿಪ್ಪೆಯನ್ನೆಲ್ಲ ತೂರಿ ಹಾಕುತ್ತಿತ್ತು. ಎಲ್ಲರೂ ಸೀನುತ್ತಿದ್ದೆವು.

ಹಾಯಿ ಕೂಡಿಸುವುದನ್ನು ಅವತ್ತು ಕಲಿತೆ. ಹಾಯಿಯ ಮುಂದಿನ ಅಂಚಿನೊಳಗೆ ನಾನು ಒಂದು ಹಗ್ಗ ಇಟ್ಟು ಹೊಲಿದಿದ್ದೆ. ಕಂಬದ ಉದ್ದಕ್ಕೂ ಒಂದು ಸೀಳು ಇರುತ್ತದೆ. ಆ ಹಗ್ಗದ ಅಂಚನ್ನು ಸೀಳಿನೊಳಗೆ ಕೆಳಗಿನಿಂದ ತೂರಿಸಿ, ತುದಿಗೆ ಕಟ್ಟಿದ ಇನ್ನೊಂದು ಹಗ್ಗವನ್ನು ಎಳೆದರೆ ಹಾಯಿ ಮೇಲೇರುತ್ತದೆ. ಬುಡದ ಅಂಚು ಕಂಬಕ್ಕೆ ಅಡ್ಡ ಕೂಡಿಸಿದ ಕೋಲಿನ ಮೇಲೆ ಕೂರುತ್ತದೆ. ಹಿಂದಿನ ಮೂಲೆಯನ್ನು ಆ ಅಡ್ಡಗೋಲಿನ ತುದಿಗೆ ಎಳೆದು ಕಟ್ಟುತ್ತಾರೆ. ಕೊನೆಯಲ್ಲಿ ಅಡ್ಡಗೋಲನ್ನು ಒಳಗೆ ಹೊರಗೆ ಆಡಿಸುವ ಹಗ್ಗ. ಅದಕ್ಕೆ ಶೀಟ್ ಎನ್ನುತ್ತಾರಂತೆ. ತಗಡಲ್ಲ, ಬಟ್ಟೆಯಲ್ಲ, ಹಗ್ಗಕ್ಕೆ ಶೀಟ್ ಎನ್ನುವುದು ನನಗೆ ಬಹಳ ದಿನ ಬಾಯಿಗೆ ಬರಲಿಲ್ಲ.

ಹಾಯಿ ಮೇಲೇರಿದ ಕೂಡಲೇ ಗಾಳಿ ಒಳಗೆ ಹೊಕ್ಕಿತು, ಹೊಟ್ಟೆ ತುಂಬಿತು, ದೋಣಿ ಗೋಣಿಚೀಲದ ಮೇಲೆಯೇ ಓಲಿತು. ನಾಲ್ಕು ಮಂದಿ ಹಮಾಲರು ಹಾರಿ ಬಂದು ಹಿಡಿದುಕೊಂಡರು. ಹಿಂದಿನ ಮೂಲೆಯಿಂದ ಕಂಬದ ಕಡೆಗೆ ಓರೆಯಾಗಿ ನಾಲ್ಕಾರು ನೆರಿಗೆಗಳು ಬಿದ್ದಿದ್ದವು. ಕಾಕಾ ಏರಿಸುವ ಹಗ್ಗವನ್ನು ಇನ್ನಷ್ಟು ಎಳೆದರು. ನೆರಿಗೆಗಳು ಒಂದೊಂದಾಗಿ ಮಾಯವಾದವು. ಇನ್ನೂ ಎಳೆದರು. ಈಗ ಕಂಬದ ಗುಂಟ ಮೇಲಿನಿಂದ ಕೆಳಗೆ ಒಂದು ಉದ್ದ ಮಡಿಕೆ ಎದ್ದಿತು. ಅದು ಹೆಚ್ಚಾಯಿತೆಂಬ ಗುರುತು. ಸಡಿಲ ಬಿಟ್ಟರು. ಹಿಂದಿನ ಮೂಲೆಯನ್ನು ಎಳೆದರೆ ಹೊಟ್ಟೆ ಚಪ್ಪಟೆಯಾಗುತ್ತದೆ, ಬಿಟ್ಟರೆ ತುಂಬುತ್ತದೆ. ಜೋರು ಗಾಳಿಗೆ ಚಪ್ಪಟೆ, ಮಂದ ಗಾಳಿಗೆ ತುಂಬು. ಯಾವ ಹಗ್ಗ ಎಳೆದರೆ ಬಟ್ಟೆಯ ಯಾವ ಎಳೆ ಬಿಗಿಯುತ್ತದೆ ಎಂಬುದು ನನಗೆ ಅವರು ಹೇಳುವ ಮೊದಲೇ ತಿಳಿಯತೊಡಗಿತು. ಬಟ್ಟೆಯ ಭಾಷೆ ನನ್ನದೇ ಅಲ್ಲವೇ.

ವಯಸ್ಸಾದ ಒಬ್ಬ ಹಮಾಲ ಇದು ಎಲ್ಲಿಗೆ ಹೋಗತೈತ್ರಿ ಎಂದು ಕೇಳಿದ. ಕಾಕಾ ಹಾಯಿಯಿಂದ ಕಣ್ಣು ತೆಗೆಯದೆ ಹೇಳಿದರು: "ಎಲ್ಲಿಗೂ ಹೋಗಂಗಿಲ್ಲಪಾ. ಕೆರಿ ಒಂದ್ ಸುತ್ತು ಹಾಕಿ ಹೊಳ್ಳಿ ಬರತೈತಿ." ಆತ ಸ್ವಲ್ಪ ಯೋಚಿಸಿ, ಅಷ್ಟಾದರೂ ಹೋಗತೈತಲ್ಲ ಎಂದ.

ಅವತ್ತು ಹಿಂದಿನ ಮೂಲೆಗೆ ಇನ್ನೊಂದು ಪದರ ಬಟ್ಟೆ ಬೇಕೆಂದು ಇಬ್ಬರಿಗೂ ಅನ್ನಿಸಿತು. ಎಳೆತವೆಲ್ಲ ಅಲ್ಲಿಯೇ ಬೀಳುತ್ತದೆ. ಹಾಯಿಯನ್ನು ಇಳಿಸಿ ನನ್ನ ಹತ್ತಿರವೇ ಬಿಟ್ಟು ಹೋದರು. ನಾನು ಮಾಡಿದ ತಪ್ಪು ಇಲ್ಲಿಯದು. ಹಾಯಿಗೆ ಹಾಕುವ ಗಟ್ಟಿ ಪಾಲಿಯೆಸ್ಟರ್ ದಾರ ಆ ಮೂಲೆಗೆ ಬರುವ ಹೊತ್ತಿಗೆ ಮುಗಿದಿತ್ತು. ಹುಬ್ಬಳ್ಳಿಯಿಂದ ಬರಬೇಕಾದ ದಾರ ಬಂದಿರಲಿಲ್ಲ. ಪಂಚಮಿ ಹಬ್ಬ ಹತ್ತಿರವಿತ್ತು, ಕಾಕಾ ದಿನಾ ಫೋನ್ ಮಾಡುತ್ತಿದ್ದರು. ಗೋಣಿ ಹೊಲಿಯುವ ಹತ್ತಿಯ ದಾರವನ್ನು ಎರಡೆಳೆ ಮಾಡಿ ಹೊಲಿದು ಮುಗಿಸಿದೆ. ಮೇಲೆ ಒಂದು ತೇಪೆ ಕೂಡಿಸಿದ್ದರಿಂದ ಒಳಗಿನ ದಾರ ಯಾವುದೆಂದು ಯಾರಿಗೂ ಕಾಣುತ್ತಿರಲಿಲ್ಲ. ಕೊಡುವಾಗ ಹೇಳಬೇಕು ಎಂದುಕೊಂಡೆ. ಹೇಳಲಿಲ್ಲ.

ಪಂಚಮಿಯ ಮರುದಿನ ಕೆರೆಯಲ್ಲಿ ಇಳಿಸುವುದೆಂದು ಗೊತ್ತಾಯಿತು. ನೀನೂ ದೋಣಿಯಲ್ಲಿ ಬರಬೇಕು ಎಂದು ಕಾಕಾ ಪಟ್ಟು ಹಿಡಿದರು. ನೀರಿನ ಮೇಲೆ ಹಾಯಿ ಹೇಗೆ ಕೂರುತ್ತದೆಂದು ಹೊಲಿದವರೇ ನೋಡಬೇಕು, ಮೈಮೇಲೆ ಹಾಕಿ ನೋಡದೆ ಯಾವ ಟೇಲರು ಬಟ್ಟೆ ಕೊಡುತ್ತಾನೆ ಎಂದರು. ನನಗೆ ನೀರೆಂದರೆ ಭಯ. ಎಂಟು ವರ್ಷದವಳಿದ್ದಾಗ ಗುತ್ತಲದ ಹತ್ತಿರ ತುಂಗಭದ್ರೆಯಲ್ಲಿ ಕಾಲು ಜಾರಿ, ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಜಡೆ ಹಿಡಿದು ಎಳೆದಿದ್ದರಿಂದ ಉಳಿದವಳು. ಆಮೇಲೆ ಮೊಣಕಾಲಿಗಿಂತ ಮೇಲೆ ನೀರಿಗೆ ಇಳಿದಿರಲಿಲ್ಲ. ಮನೆಯಲ್ಲಿ ಹೇಳಿದಾಗ ನಮ್ಮ ಮನೆಯವರು ಊಟ ಮಾಡುತ್ತಿದ್ದವರು ತಲೆ ಎತ್ತಿ ಕೇಳಿದರು.

"ಅವರು ನಿನಗ ಹೊಲ್ಯಾಕ ಹೇಳ್ಯಾರೋ, ಹತ್ತಾಕ ಹೇಳ್ಯಾರೋ?"

ನಾನು ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ. ಆದರೆ ಆ ಮೂಲೆಯ ದಾರ ನನ್ನನ್ನು ಚುಚ್ಚುತ್ತಿತ್ತು. ಅದರ ಮೇಲೆ ಕಣ್ಣಿಡಲಾದರೂ ಹೋಗಬೇಕು ಎನ್ನಿಸಿತು. ಹೋದೆ.

ಹೆಗ್ಗೇರಿ ಆ ವರ್ಷ ಒಳ್ಳೆಯ ನೀರು ಹಿಡಿದಿತ್ತು. ಬೆಳಗಿನ ಹತ್ತು ಗಂಟೆ, ಮೋಡ ಕವಿದಿತ್ತು, ಮಳೆ ಇರಲಿಲ್ಲ. ಪಶ್ಚಿಮದ ಗಾಳಿ ಕೆರೆಯ ಆಚೆ ದಂಡೆಯಿಂದ ನಮ್ಮ ಏರಿಯ ಕಡೆಗೆ ಬೀಸುತ್ತಿತ್ತು. ಇಬ್ಬರೂ ತೇಲುವ ಜಾಕೀಟು ಹಾಕಿಕೊಂಡೆವು. ನಾನು ಸೀರೆ ಬಿಟ್ಟು ಚೂಡಿದಾರ ಹಾಕಿದ್ದೆ. ಕಾಕಾನ ಹೆಂಡತಿ ನೀಲವ್ವ ಕಾಕುವಿಗೆಂದು ನಾನು ಮಾಡಿದ್ದ ಪಂಚಮಿಯ ಉಂಡಿಯ ಡಬ್ಬಿಯನ್ನು ದಂಡೆಯ ಮೇಲೆ ಬಿಟ್ಟರೆ ನಾಯಿಗಳು ಬಿಡುವುದಿಲ್ಲವೆಂದು, ಸೂಜಿ ದಾರ ಕತ್ತರಿಯ ಚೀಲದಲ್ಲಿಯೇ ಹಾಕಿ ದೋಣಿಯೊಳಗೆ ಕಟ್ಟಿದೆ.

ಕಾಕಾ ಹಾಯಿ ಏರಿಸಿದರು. ದೋಣಿ ದಂಡೆಯನ್ನು ಬಿಟ್ಟಿತು. ಮೊದಲ ಐದು ನಿಮಿಷ ನಾನು ಕಣ್ಣು ತೆರೆಯಲಿಲ್ಲ. ಎಂಜಿನ್ ಇಲ್ಲ, ಹುಟ್ಟು ಹಾಕುವ ಸದ್ದೂ ಇಲ್ಲ. ದೋಣಿಯ ಕೆಳಗೆ ನೀರು ಹರಿಯುವ ಸದ್ದು ಮಾತ್ರ. ಕಣ್ಣು ತೆರೆದಾಗ ನನ್ನ ಹಾಯಿ ತಲೆಯ ಮೇಲೆ ತುಂಬಿ ನಿಂತಿತ್ತು. ಒಂದು ನೆರಿಗೆಯೂ ಇರಲಿಲ್ಲ. ಭಯ ಹೋಯಿತೆಂದು ಹೇಳುವುದಿಲ್ಲ. ಆದರೆ ಅದರ ಪಕ್ಕದಲ್ಲಿ ಇನ್ನೊಂದು ಬಂದು ಕುಳಿತಿತು, ಅದು ಹೆಮ್ಮೆ.

ಕಾಕಾ ಎರಡು ಮಾತನ್ನು ಮತ್ತೆ ಮತ್ತೆ ಹೇಳಿಕೊಟ್ಟರು. ಹೆದರಿಕೆಯಾದರೆ ಶೀಟ್ ಬಿಟ್ಟುಬಿಡು, ಹಾಯಿಯೊಳಗಿನ ಗಾಳಿ ಹೋಗುತ್ತದೆ. ಆಮೇಲೆ ಹಾಯಿ ಯಾವ ಕಡೆ ಇದೆಯೋ ಆ ಕಡೆಗೆ ಚುಕ್ಕಾಣಿಯ ಹಿಡಿಕೆಯನ್ನು ದೂಡು, ದೋಣಿಯ ಮೂತಿ ಗಾಳಿಯ ಕಡೆ ತಿರುಗಿ ನಿಲ್ಲುತ್ತದೆ. ನನಗೇಕೆ ಇದೆಲ್ಲ ಎಂದು ನಾನು ಅರ್ಧ ಕಿವಿಯಲ್ಲಿ ಕೇಳಿದೆ.

ಕೆರೆಯ ನಡುವೆ ಬಂದಾಗ ಅವರು ಹೇಳಿದ್ದನ್ನೇ ಮೂರನೆಯ ಸಲ ಹೇಳಿದರು. ಮಾತು ತೊದಲುತ್ತಿತ್ತು. ತಿರುಗಿ ನೋಡಿದೆ. ಅಷ್ಟು ತಂಪು ಗಾಳಿಯಲ್ಲಿ ಅವರ ಮುಖದಿಂದ ಬೆವರು ಇಳಿಯುತ್ತಿತ್ತು. ಕಾಕಾರ, ಏನಾತ್ರಿ ಎಂದೆ. ಅವರು ನನ್ನನ್ನು ನೋಡಿದರು, ಯಾರೆಂದು ಗುರುತು ಸಿಕ್ಕಂತೆ ಇರಲಿಲ್ಲ. ಹಿಡಿಕೆಯಿಂದ ಕೈ ಜಾರಿತು, ಅವರು ಕುಳಿತಲ್ಲಿಂದ ಜಾರಿ ದೋಣಿಯ ತಳಕ್ಕೆ ಉರುಳಿದರು.

ದೋಣಿ ತಾನೇ ತಿರುಗಿತು. ಹಾಯಿ ಪಟಪಟನೆ ಬಡಿಯಿತು, ಅಡ್ಡಗೋಲು ನನ್ನ ತಲೆಯ ಮೇಲಿನಿಂದ ಬೀಸಿ ಇನ್ನೊಂದು ಕಡೆಗೆ ಹೋಯಿತು. ನಾನು ಬಗ್ಗಿದ್ದು ಬುದ್ಧಿಯಿಂದಲ್ಲ, ಹೆದರಿ. ಆ ಕಡೆ ಗಾಳಿ ತುಂಬಿತು, ದೋಣಿ ಓರೆಯಾಯಿತು, ಅಂಚಿನ ಮೇಲಿಂದ ನೀರು ಒಳಗೆ ಬಂತು. ಕಾಕಾ ಆ ನೀರಿನಲ್ಲಿ ಮಲಗಿದ್ದರು.

ಆಗ ನನಗೆ ಕಂಡದ್ದು ಕೆರೆಯಲ್ಲ, ಬಟ್ಟೆ. ತುಂಬಿದ ಬಟ್ಟೆ, ಅದನ್ನು ಹಿಡಿದಿರುವ ಒಂದು ಹಗ್ಗ. ಹಗ್ಗವನ್ನು ಹಲ್ಲಿನಂತೆ ಕಚ್ಚಿ ಹಿಡಿಯುವ ಕ್ಲಿಪ್ಪಿನಿಂದ ಶೀಟನ್ನು ಮೇಲಕ್ಕೆ ಝಾಡಿಸಿದೆ. ಬಿಟ್ಟಿತು. ಅಡ್ಡಗೋಲು ಹೊರಕ್ಕೆ ಹೋಯಿತು, ದೋಣಿ ನೆಟ್ಟಗಾಯಿತು. ಹಾಯಿ ಇದ್ದ ಕಡೆಗೆ ಹಿಡಿಕೆಯನ್ನು ದೂಡಿ ಮೊಣಕಾಲಿನಿಂದ ಒತ್ತಿ ಹಿಡಿದೆ. ಮೂತಿ ಬಹಳ ನಿಧಾನವಾಗಿ ಗಾಳಿಯ ಕಡೆಗೆ ಹೊರಳಿತು. ಹಾಯಿ ಈಗ ಸಿಟ್ಟು ಬಂದಂತೆ ಬಡಿಯುತ್ತಿತ್ತು. ಆ ಹಿಂದಿನ ಮೂಲೆಯಲ್ಲಿ ತೇಪೆಯ ಅಂಚು ಎದ್ದಿತ್ತು, ಅದರ ಕೆಳಗೆ ನನ್ನ ಹತ್ತಿಯ ದಾರ ಒಂದೊಂದು ಹೊಲಿಗೆಯಾಗಿ ಬಿಚ್ಚುತ್ತಿತ್ತು. ನಾನು ನೋಡುತ್ತಿರುವಾಗಲೇ ನಾಲ್ಕು ಬೆರಳಿನಷ್ಟು ಬಿಚ್ಚಿತು. ಮೂಲೆ ಕಿತ್ತರೆ ಅಡ್ಡಗೋಲು ಕಾಕಾನ ತಲೆಯ ಮೇಲೆಯೇ ಬೀಳುತ್ತದೆ ಎಂದು ನನಗೆ ಅನ್ನಿಸಿತು. ಹಾಗೆ ಬೀಳುತ್ತಿತ್ತೋ ಇಲ್ಲವೋ, ಅವತ್ತು ಗೊತ್ತಿರಲಿಲ್ಲ.

ಕಂಬದ ಬುಡದಲ್ಲಿ ಸುತ್ತಿದ್ದ ಏರಿಸುವ ಹಗ್ಗವನ್ನು ಬಿಚ್ಚಿದೆ. ಹಾಯಿ ಅರ್ಧಕ್ಕೆ ಇಳಿದು ನಿಂತಿತು. ಸೀಳಿನಲ್ಲಿ ಹಗ್ಗದ ಅಂಚು ಸಿಕ್ಕಿಕೊಂಡಿತ್ತು. ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಬಾವಿಯಿಂದ ಕೊಡ ಎಳೆಯುವಂತೆ ಜಗ್ಗಿದೆ, ಜೋತುಬಿದ್ದೆ. ಮೂರನೆಯ ಜಗ್ಗಿಗೆ ಪೂರ್ತಿ ಹಾಯಿ ಸರ್ರನೆ ಇಳಿದು ನಮ್ಮಿಬ್ಬರ ಮೇಲೂ ಬಿತ್ತು.

ಸದ್ದು ನಿಂತಿತು. ದೋಣಿ ತೊಟ್ಟಿಲಿನಂತೆ ಅಲ್ಲಾಡುತ್ತಿತ್ತು. ಬಟ್ಟೆಯ ಕೆಳಗಿನಿಂದ ಕಾಕಾನ ಮುಖವನ್ನು ಹೊರಗೆ ತೆಗೆದು ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಉಸಿರು ಇತ್ತು. ಬೆವರು, ತೊದಲು, ನಡುಗುವ ಕೈ. ಇದನ್ನು ನಾನು ಕಂಡಿದ್ದೆ. ನಮ್ಮ ಅತ್ತೆಗೆ ಸಕ್ಕರೆ ಕಾಯಿಲೆ ಇತ್ತು, ಗುಳಿಗೆ ತೆಗೆದುಕೊಂಡು ಉಣ್ಣದೆ ಇದ್ದ ದಿನ ಹೀಗೆಯೇ ಆಗುತ್ತಿತ್ತು. ಚೀಲದಿಂದ ಡಬ್ಬಿ ತೆಗೆದೆ. ರವೆ ಉಂಡಿಯನ್ನು ಹಿಚುಕಿ, ಕುಡಿಯುವ ನೀರಿನಲ್ಲಿ ಕಲಸಿ, ಆ ಸಿಹಿ ನೀರನ್ನು ಬಾಟಲಿಯ ಮುಚ್ಚಳದಿಂದ ಸ್ವಲ್ಪ ಸ್ವಲ್ಪವೇ ತುಟಿಗೆ ಹಿಡಿದೆ. ಕಾಕಾರ, ನುಂಗ್ರಿ, ನುಂಗ್ರಿ ಎನ್ನುತ್ತಲೇ ಇದ್ದೆ. ಮೊದಲ ಮುಚ್ಚಳ ಹೊರಗೆ ಹರಿಯಿತು. ಎರಡನೆಯದು ಒಳಗೆ ಹೋಯಿತು. ಎಷ್ಟು ಮುಚ್ಚಳ ಕುಡಿಸಿದೆನೋ ನೆನಪಿಲ್ಲ.

ಹಾಯಿ ಇಲ್ಲದ ದೋಣಿಯನ್ನು ಗಾಳಿಯೇ ಏರಿಯ ಕಡೆಗೆ ನಿಧಾನವಾಗಿ ದೂಡಿಕೊಂಡು ಬರುತ್ತಿತ್ತು. ಅರ್ಧ ದಾರಿ ಬಂದಿರಬೇಕು, ಕಾಕಾ ಕಣ್ಣು ಬಿಟ್ಟು ನನ್ನ ಮುಖ ನೋಡಿದರು. ಈ ಸಲ ಗುರುತು ಸಿಕ್ಕಿತ್ತು.

"ಗಿರಿಜವ್ವ," ಎಂದರು. "ಹಾಯಿ ಯಾರು ಇಳಿಸಿದ್ರು?"

ನಾನು ಎಂದೆ. ಅವರು ಮತ್ತೆ ಕಣ್ಣು ಮುಚ್ಚಿದರು, ಆದರೆ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಅಲ್ಲಿಯವರೆಗೆ ಬರದಿದ್ದ ಅಳು ನನಗೆ ಆಗ ಬಂತು.

ದಂಡೆಯ ಕಲ್ಲುಗಳಿಗೆ ದೋಣಿ ಬಡಿಯದಂತೆ ಒಳಗಿದ್ದ ಹುಟ್ಟಿನಿಂದ ತಡೆದೆ. ಎಮ್ಮೆ ಮೈ ತೊಳೆಯುತ್ತಿದ್ದ ಇಬ್ಬರು ಓಡಿ ಬಂದು ಕಾಕಾನನ್ನು ಎತ್ತಿಕೊಂಡರು. ಆಟೋದಲ್ಲಿ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಅವರು ಎದ್ದು ಕುಳಿತು, ದೋಣಿ ಕಟ್ಟಿಹಾಕಿದಿರೇನು ಎಂದು ಕೇಳುತ್ತಿದ್ದರು. ಡಾಕ್ಟರು ಸಲೈನ್ ಹಚ್ಚಿ, ಸಂಜೆ ಮನೆಗೆ ಹೋಗಬಹುದು, ಗಾಬರಿಯಿಲ್ಲ ಎಂದರು. ನಾನು ಹೊರಗಿನ ಬೆಂಚಿನ ಮೇಲೆ ಕುಳಿತೆ. ನನ್ನ ಅಂಗೈ ಎರಡೂ ಹಗ್ಗ ತಿಕ್ಕಿ ಕೆಂಪಾಗಿದ್ದು ಆಗ ಕಂಡಿತು.

ನೀಲವ್ವ ಕಾಕು ಅಗಡಿಯಿಂದ ಬಂದರು. ಅವರು ಒಳಗೆ ಬಂದು ಮಂಚದ ಪಕ್ಕ ನಿಂತಾಗ ನನಗೆ ತಡೆದುಕೊಳ್ಳಲಾಗಲಿಲ್ಲ. ಹತ್ತಿಯ ದಾರದ ಸಂಗತಿಯನ್ನು ಇಬ್ಬರೆದುರಿಗೂ ಹೇಳಿಬಿಟ್ಟೆ. ದಾರ ಮುಗಿದದ್ದು, ಮೇಲೆ ತೇಪೆ ಹಾಕಿ ಮುಚ್ಚಿದ್ದು, ನೀರಿನ ಮೇಲೆ ಅದು ಬಿಚ್ಚಿದ್ದು. ಹೇಳಿ ಮುಗಿಸಿ ನೆಲ ನೋಡುತ್ತ ನಿಂತೆ.

ಕಾಕಾ ನನ್ನ ಕಡೆ ನೋಡದೆ, ಹೆಂಡತಿಯ ಕಡೆಯೂ ನೋಡದೆ, ಛತ್ತಿನ ಫ್ಯಾನು ನೋಡುತ್ತ ಹೇಳಿದರು.

"ನಾನೂ ಮುಚ್ಚಿಟ್ಟಿದ್ದೆ. ಮುಂಜಾನೆ ಗುಳಿಗಿ ತಗೊಂಡೆ, ರೊಟ್ಟಿ ತಿನ್ನಲಿಲ್ಲ. ಗಾಳಿ ಚಲೋ ಐತಿ, ಹೋಗಿಬಂದು ತಿಂದ್ರಾತು ಅಂದೆ. ಸಕ್ಕರಿ ಐತಿ ಅಂತ ನಿನಗೂ ಹೇಳಲಿಲ್ಲ. ಹೇಳಿದ್ರ ನೀ ಬರತಿದ್ದಿಲ್ಲ."

ಕಾಕು ಕುರ್ಚಿ ಎಳೆದುಕೊಂಡು ಕುಳಿತರು. ಅವರು ಬೈಯುತ್ತಾರೆ, ದೋಣಿಯನ್ನು ಸುಟ್ಟುಬಿಡಿ ಎನ್ನುತ್ತಾರೆ ಎಂದು ನಾನು ಕಾಯುತ್ತಿದ್ದೆ. ಅವರು ಚೀಲದಿಂದ ಬುತ್ತಿ ಬಿಚ್ಚಿ ರೊಟ್ಟಿಗೆ ಪಲ್ಯ ಹಾಕಿ ಗಂಡನ ಕೈಗೆ ಒಂದು, ನನ್ನ ಕೈಗೆ ಒಂದು ಕೊಟ್ಟರು.

"ಇನ್ನ ಮ್ಯಾಲೆ ನನ್ನ ಕಣ್ಣ ಮುಂದ ಉಂಡು ಹೋಗಬೇಕು," ಎಂದರು ಗಂಡನಿಗೆ. ನನಗೆ, "ನೀನು ಅದನ್ನ ಬಿಚ್ಚಿ ಹೊಳ್ಳಿ ಹೊಲಿ. ದಾರ ಬರೂ ತನಕ ದೋಣಿ ಕೊಟಗ್ಯಾಗ ಇರಲಿ."

ಅಷ್ಟೇ. ನಾನು ಅವತ್ತು ತಿಂದ ಆ ರೊಟ್ಟಿಯಷ್ಟು ರುಚಿಯಾದದ್ದನ್ನು ಆಮೇಲೆ ತಿಂದಿಲ್ಲ. ಎದೆಯ ಮೇಲಿಂದ ಚೀಲ ಇಳಿಸಿದಂತಾಗಿತ್ತು. ಬ್ಯಾಡಗಿಯ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದೆ. ಕಂಡಕ್ಟರು ಎಬ್ಬಿಸಿ ಇಳಿಸಿದ.

ಮನೆಯಲ್ಲಿ ಎಲ್ಲವನ್ನೂ ಹೇಳಿದೆ. ನಮ್ಮ ಮನೆಯವರು ಕೇಳಿದರು, ನನ್ನ ಅಂಗೈಗಳನ್ನು ತಿರುಗಿಸಿ ನೋಡಿದರು, ಹೋಗಿ ಔಷಧಿ ಅಂಗಡಿಯಿಂದ ಮುಲಾಮು ತಂದರು. ಮರುದಿನ ಬೆಳಿಗ್ಗೆ ಹುಬ್ಬಳ್ಳಿಗೆ ಹೋಗಿ ದಾರ ತಂದವರು ಅವರೇ.

ಹೊಸ ದಾರದಲ್ಲಿ ಆ ಮೂಲೆಯನ್ನು ಮೂರು ಸಾಲು ಹೊಲಿದೆ. ಮುಂದಿನ ಅಂಚಿನಲ್ಲಿ ಹಗ್ಗದ ಸುತ್ತ ದಪ್ಪವಾಗಿದ್ದ ಕಡೆ ಬಿಚ್ಚಿ ತೆಳುವಾಗಿ ಮಡಿಚಿ ಕೂಡಿಸಿದೆ, ಸೀಳಿನಲ್ಲಿ ಸಿಕ್ಕಿಕೊಳ್ಳದಂತೆ ಮೇಣ ತಿಕ್ಕಿದೆ. ಕಾಕಾ ಜೇಬಿನಲ್ಲಿ ಪೆಪ್ಪರಮೆಂಟು ಇಟ್ಟುಕೊಳ್ಳುವುದನ್ನು ಕಲಿತರು. ಹಾಯಿಯನ್ನು ಇಬ್ಬರೂ ಏರಿಸಬಲ್ಲೆವು, ಇಬ್ಬರೂ ಇಳಿಸಬಲ್ಲೆವು ಎಂದಾಗುವ ತನಕ ಕೊಟ್ಟಿಗೆಯ ಮುಂದೆ ನನ್ನಿಂದ ಹತ್ತಾರು ಸಲ ಮಾಡಿಸಿದರು. ನಾನು ಮತ್ತೆ ನೀರಿಗೆ ಹೋಗುತ್ತೇನೆಂದು ಯಾರಿಗೂ ಹೇಳಿರಲಿಲ್ಲ, ಹೋಗುವುದಿಲ್ಲವೆಂದೂ ಹೇಳಿರಲಿಲ್ಲ.

ಶ್ರಾವಣ ಮುಗಿಯುವ ಹೊತ್ತಿಗೆ ಗಾಳಿ ಮೆದುವಾಯಿತು. ಒಂದು ಮಧ್ಯಾಹ್ನ ಕಾಕು ಏರಿಯ ಮೇಲೆ ಕೊಡೆ ಬಿಚ್ಚಿ ಕುಳಿತರು, ನಾವಿಬ್ಬರು ದೋಣಿ ಹತ್ತಿದೆವು. ಈ ಸಲ ಹಾಯಿ ಏರಿಸಿದ್ದು ನಾನು. ಹಿಂದಿನ ಮೂಲೆಯಿಂದ ಓರೆ ನೆರಿಗೆ ಬಂತು, ಎಳೆದೆ, ಹೋಯಿತು. ಗಾಳಿ ಮಂದವಿತ್ತು, ಹಿಂದಿನ ಮೂಲೆಯನ್ನು ಎರಡು ಬೆರಳು ಸಡಿಲ ಬಿಟ್ಟೆ, ಹೊಟ್ಟೆ ತುಂಬಿತು. ಕಾಕಾ ಹಿಡಿಕೆಯನ್ನು ನನ್ನ ಕೈಗೆ ಕೊಟ್ಟು ಮುಂದೆ ಹೋಗಿ ಬೆನ್ನು ತಿರುಗಿಸಿ ಕುಳಿತರು, ನೀರು ನೋಡುತ್ತ. ಇಪ್ಪತ್ತು ವರ್ಷ ಕೆಳಗೆ ಕುಳಿತವರು. ನಾನು ಅವರ ಬೆನ್ನನ್ನೂ ಹಾಯಿಯನ್ನೂ ನೋಡುತ್ತ ಕೆರೆಯ ಆ ತುದಿಯ ತನಕ ಹೋಗಿ ಹೊಳ್ಳಿಸಿಕೊಂಡು ಬಂದೆ. ಒಂದು ತಾಸು ಹಿಡಿಯಿತು. ಅಷ್ಟು ಹೊತ್ತು ನಾನು ಏನನ್ನೂ ಹೊಲಿಯದೆ, ಏನನ್ನೂ ಲೆಕ್ಕ ಹಾಕದೆ ಕುಳಿತದ್ದು ಮದುವೆಯಾದ ಮೇಲೆ ಅದೇ ಮೊದಲು.

ದಂಡೆ ಹತ್ತಿರವಾದಾಗ ಏರಿಯ ಮೇಲೆ ಕಾಕುವಿನ ಪಕ್ಕ ಇನ್ನೊಬ್ಬರು ನಿಂತದ್ದು ಕಂಡಿತು. ನಮ್ಮ ಮನೆಯವರು. ಬರುತ್ತೇನೆಂದು ಹೇಳಿರಲಿಲ್ಲ. ಅಂಗಡಿ ಮುಚ್ಚಿ ಬಸ್ಸಿಗೆ ಬಂದಿದ್ದರು. ಯಾವಾಗಿನಿಂದ ನಿಂತಿದ್ದರೋ, ನಾನು ಕಲ್ಲಿನ ಮೇಲೆ ಬಿಟ್ಟುಹೋಗಿದ್ದ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡಿದ್ದರು.

ಹಾಯಿ ಇಳಿಸಿ ದೋಣಿಯಿಂದ ಇಳಿದೆ. ಅವರು ಬಗ್ಗಿ ಚಪ್ಪಲಿಗಳನ್ನು ನನ್ನ ಒದ್ದೆ ಕಾಲಿನ ಮುಂದೆ ಜೋಡಿಸಿ ಇಟ್ಟರು. ಆಮೇಲೆ ದೋಣಿಯ ಹತ್ತಿರ ಹೋಗಿ, ಇಳಿದು ಬಿದ್ದಿದ್ದ ಹಾಯಿಯ ಅಂಚನ್ನು ಎರಡು ಬೆರಳಿನಲ್ಲಿ ಹಿಡಿದು, ಹೊಲಿಗೆಯನ್ನು ಉದ್ದಕ್ಕೂ ನೋಡಿದರು.

"ಚಲೋ ಹೊಲಿದಿ," ಎಂದರು.